ಕರೆವ್ವನ ಹೊರಸಿನ ಪಕ್ಕದಲ್ಲಿ

ಹಿರೇಕೆರೂರು
ಸೋಮವಾರ, 3 ನವೆಂಬರ್ 2025

ಜಯಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ನಿನಗೆ ಹಾಗೆ ಅನಿಸಲಿಕ್ಕಿಲ್ಲ.

ನಿರೀಕ್ಷಾ ಎರಡು ಸಲ ಕೆಮ್ಮಿದಳು. ಎರಡೇ ಸಲ, ಆದರೂ ಕೆಮ್ಮು ಕೆಮ್ಮೇ. ನೀನು ತವರಿಗೆ ಹೋದಾಗಿನಿಂದ ಒಂಬತ್ತನೆಯ ಇಯತ್ತೆಯ ಹುಡುಗಿ ಅಭ್ಯಾಸ ಬಿಟ್ಟು ನನಗಾಗಿ ರೊಟ್ಟಿ ಬಡಿಯುತ್ತಾಳೆ. ಒಂದು ಕಡೆ ದಪ್ಪ, ಒಂದು ಕಡೆ ತೂತು. ನಾನು ಸುಮ್ಮನೆ ನೋಡುತ್ತಾ ಕೂತರೆ, "ಅಪ್ಪಾ, ಇದು ಹಾವೇರಿ ಜಿಲ್ಲಾ ಅಂತ ತಿಳಕೊಂಡು ತಿನ್ನು, ತೂತು ಬಿದ್ದದ್ದು ಹಾನಗಲ್ಲ" ಅನ್ನುತ್ತಾಳೆ. ಬಾಯಿ ಮಾತ್ರ ನಿನ್ನದೇ. ಸಭೆಯವರು ಪ್ರಾರ್ಥನಾಲಯದ ಅಂಗಳದ ತುಂಬ ಗೋವಿನಜೋಳ ಒಣಗಹಾಕಿದ್ದಾರೆ. ಸಣ್ಣ ಮೋಡ ಕಂಡರೂ ತಾಡಪಾಲು ಹಿಡಿದು ಓಡುವವನು ನಾನೇ.

ನಿನ್ನ ಫೋನು ನೀರಿನ ಹೌದಿನಲ್ಲಿ ಬಿದ್ದು ಹೋಯಿತು, ಸರಿ. ಆದರೆ ನಿಮ್ಮಣ್ಣ ಲಕ್ಕಪ್ಪನ ಫೋನಿಗೆ ಮಾಡುವ ಧೈರ್ಯ ನನಗಿಲ್ಲ. ನಾವು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದಾಗ ಮಾತು ಬಿಟ್ಟವನು, ಹದಿನಾರು ವರ್ಷವಾಯಿತು. ಅದಕ್ಕೆ ಈ ಪತ್ರ. ಸವಣೂರಿನ ವೀಳ್ಯದೆಲೆ ಮಾರುವ ಫಾರೂಕ ಸೋಮವಾರ ಮತ್ತು ಗುರುವಾರ ಇಲ್ಲಿಗೆ ಬರುತ್ತಾನೆ, ಉಳಿದ ದಿನ ನಿಮ್ಮ ಶಿಗ್ಗಾಂವಿಯ ಕಡೆ ತಿರುಗುತ್ತಾನೆ. "ಪಾಸ್ಟರ್ರ, ಎಲಿ ಜೋಡಿ ನಿಮ್ಮ ಪತ್ರಾನೂ ಬಾಡದಂಗ ಮುಟ್ಟಸ್ತೇನಿ" ಎಂದು ಹಸಿ ಬಟ್ಟೆಯಲ್ಲಿ ಸುತ್ತಲು ಹೋದ. ಬ್ಯಾಡಪ್ಪ, ಒಣ ಜೇಬಿನಲ್ಲಿಡು ಅಂದೆ.

ಪತ್ರದ ಜೊತೆ ಒಂದು ಪುಸ್ತಕ ಕಳಿಸಿದ್ದೇನೆ. ಹಾನಗಲ್ಲಿನ ಹಿರಿಯ ಪಾಸ್ಟರ್ ಅಯ್ಯನವರು ಈ ತಿಂಗಳು ಓದಲೇಬೇಕೆಂದು ಕೊಟ್ಟದ್ದು, ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ ಬಾಣಂತಿಯರನ್ನು ನೋಡಿಕೊಂಡ ಒಬ್ಬ ನರ್ಸಮ್ಮನ ಕಥೆ. ಶನಿವಾರ ಹಾನಗಲ್ಲಿನಲ್ಲಿ ಎಲ್ಲ ಪಾಸ್ಟರರ ಮುಂದೆ ನಾನು ಅದರ ಬಗ್ಗೆ ಮಾತಾಡಬೇಕು. ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಇಷ್ಟು ವರ್ಷ ನೀನು ರೊಟ್ಟಿ ಬಡಿಯುತ್ತಾ, ಅಕ್ಕಿ ಆರಿಸುತ್ತಾ ಗಟ್ಟಿಯಾಗಿ ಓದಿದೆ, ನಾನು ಕೇಳಿದೆ, ಜನ ನನ್ನನ್ನು ಓದಿದವನು ಎಂದುಕೊಂಡರು. ನಾನೇ ಓದಲು ಕೂತರೆ ಒಂದು ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತಿರುತ್ತದೆ. ನೀನು ಓದಿ ಸಾರ ಬರೆದು ಕಳಿಸು.

ಪ್ರಾರ್ಥನಾಲಯದ ಬಾಗಿಲ ಪಕ್ಕದ ಹಲಗೆಯ ಮೇಲೆ "ಈ ವಾರ ಇದನ್ನು ಓದಿರಿ" ಎಂದು ನೀನು ಹೇಳಿದ ಪುಸ್ತಕದ ಹೆಸರು ಬರೆಯುತ್ತಿದ್ದೆನಲ್ಲ, ಈ ಸಲ ಯಾವುದು ಬರೆಯಲಿ ಎಂದು ಯೋಚಿಸಿ ಯೋಚಿಸಿ, ಗೋವಿನಜೋಳದ ಹುಳದ ಬಗ್ಗೆ ಕೃಷಿ ಇಲಾಖೆಯವರು ಹಂಚಿದ ಪುಸ್ತಿಕೆಯ ಹೆಸರು ಬರೆದೆ. ನಾನು ಪೂರ್ತಿ ಓದಿದ್ದು ಅದೊಂದೇ. ಇಷ್ಟು ಜನ ಯಾವ ಪುಸ್ತಕವನ್ನೂ ಕೇಳಿರಲಿಲ್ಲ.

ಕೊನೆಗೆ ಕೇಳಬೇಕಾದದ್ದು. ಅತ್ತೆ ಹೇಗಿದ್ದಾರೆ? ಸೊಂಟದ ಎಲುಬು ಕೂಡಲು ಎಷ್ಟು ದಿನ ಬೇಕಂತೆ? ನಿನ್ನ ಜೊತೆ ಮಾತಾಡಿದರೇ? ನಿನ್ನ ಕೈಯಿಂದ ತಿನ್ನುತ್ತಾರೆಯೇ? ಇದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ನಿನ್ನ
ಗುದ್ಲೆಪ್ಪ


ಶಿಗ್ಗಾಂವಿ
ಬುಧವಾರ, 5 ನವೆಂಬರ್ 2025

ರೀ,

ಹುಡುಗಿಗೆ ಬಿಸಿನೀರಿನಲ್ಲಿ ಒಂಚೂರು ಅರಿಷಿಣ ಹಾಕಿ ಕೊಡಿ. ಸತ್ತುಹೋಗುವಂಥ ಕೆಮ್ಮು ಅಲ್ಲ ಅದು.

ಅವ್ವ ಆರು ವಾರ ಏಳಬಾರದು ಎಂದಿದ್ದಾರೆ ಡಾಕ್ಟರು. ಅತ್ತಿಗೆ ಹೊಲಕ್ಕೆ ಹೋಗುತ್ತಾಳೆ, ಗೋವಿನಜೋಳದ ಕೊಯ್ಲು ನಡೆದಿದೆ. ಲಕ್ಕಣ್ಣ ನನ್ನನ್ನು ಕರೆಸಿದ್ದು ಬೇರೆ ಯಾರೂ ಸಿಗಲಿಲ್ಲ ಎಂದು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಅವ್ವ ನನ್ನ ಜೊತೆ ಮಾತಾಡುತ್ತಾಳೆ. "ದಿಂಬ." "ಹೊದಿಕಿ." "ಆ ಕಡೆ ಹೊಳ್ಳಸು." ಅಷ್ಟೇ. ಅಷ್ಟಕ್ಕೇ ನನಗೆ ಸಾಕಾಗಿದೆ. ಹದಿನಾರು ವರ್ಷದ ಮೇಲೆ ಅವಳ ಹೊರಸಿನ ಪಕ್ಕ ಕೂತಿದ್ದೇನೆ, ಇನ್ನೂ ಯಾರೂ ಏಳು ಅಂದಿಲ್ಲ.

ನಿಮ್ಮ ಪುಸ್ತಕ ನಿನ್ನೆ ಮಧ್ಯಾಹ್ನ ಓದಲು ಕೂತೆ. ನಿಮಗಾಗಿ ಓದಿ ಓದಿ ನನಗೆ ಮನಸ್ಸಿನಲ್ಲೇ ಓದುವುದು ಮರೆತುಹೋಗಿದೆ, ಬಾಯಿ ತಾನಾಗಿ ಗಟ್ಟಿಯಾಗುತ್ತದೆ. ಅವ್ವ ಕಣ್ಣು ಮುಚ್ಚಿದ್ದಳು, ನಿದ್ದೆ ಎಂದುಕೊಂಡೆ. ನಿಲ್ಲಿಸಿದ ಕೂಡಲೇ, "ಯಾಕ ನಿಲ್ಸಿದಿ? ಆ ಬಾಣಂತಿ ಬದಕಿದಳೋ ಇಲ್ಲೋ?" ಅಂದಳು. ರಾತ್ರಿಯೂ ಓದಿಸಿದಳು, ಇವತ್ತು ಬೆಳಿಗ್ಗೆಯೂ. ನಿನ್ನೆ ರಾತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ನಿನ್ನ ಗಂಡ ಪ್ರಾರ್ಥನಿ ಮಾಡ್ತಾನಲ್ಲ, ಹೆಂಗ ಮಾಡ್ತಾನ?" ಎಂದು ಕೇಳಿದಳು.

ಸಾರ ಬೇರೆ ಹಾಳೆಯಲ್ಲಿದೆ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಎಂಟನೆಯ ಅಧ್ಯಾಯದವರೆಗೆ ಇದೆ, ಮುಂದೇನಾಯಿತು ಎಂದು ಯಾರಾದರೂ ಕೇಳಿದರೆ ಕೆಮ್ಮಿಬಿಡಿ.

ನೀವು ಕೊನೆಗೆ ಕೇಳಿದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಫಾರೂಕ ಅವಸರ ಮಾಡುತ್ತಿದ್ದಾನೆ.

ಜಯಾ


ಹಿರೇಕೆರೂರು
ಗುರುವಾರ, 6 ನವೆಂಬರ್ 2025

ಜಯಾ, ಜಯಾ,

ನಿನ್ನ ಪತ್ರವನ್ನು ನಾನೇ ಓದಿದೆ, ಆಮೇಲೆ ತಪ್ಪು ಓದಿದೆನೋ ಎಂದು ನಿರೀಕ್ಷಾಳಿಂದ ಓದಿಸಿದೆ. ಅತ್ತೆ ಕಣ್ಣೀರು ಹಾಕಿದರು! ಪ್ರಾರ್ಥನೆಯ ಬಗ್ಗೆ ಕೇಳಿದರು! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡು ಹೇಗೆ ಬಂದಿವೆ. ದಿನವೂ ಅವರ ಹೆಸರು ಹಿಡಿದು ಪ್ರಾರ್ಥಿಸುವಾಗ, ನಿಜ ಹೇಳುತ್ತೇನೆ, ಇದು ಆಗುತ್ತದೆ ಎಂದು ನಾನು ನಂಬಿರಲಿಲ್ಲ. ನೀನು ಅದನ್ನು ಬಿಡಿಸಿ ಬರೆಯಲಿಲ್ಲ. ಸಂತೋಷ ಹೆಚ್ಚಾದಾಗ ನೀನು ಹೀಗೆಯೇ ಮಾತು ನುಂಗುತ್ತೀ, ನನಗೆ ಗೊತ್ತಿಲ್ಲವೇ?

ಭಾನುವಾರ ಸಾಕ್ಷಿ ಹೇಳುವ ಹೊತ್ತಿದೆ. ವಾರದಲ್ಲಿ ದೇವರು ತಮ್ಮ ಮನೆಯಲ್ಲಿ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಹೇಳುತ್ತಾರೆ, ನಾನೇ ಶುರು ಮಾಡಬೇಕು. ವಾರವಾರವೂ ನಾನು ಹೇಳುವುದೇನು? ನಲ್ಲಿಯಲ್ಲಿ ನೀರು ಬಂತು, ತಲೆನೋವು ಹೋಯಿತು. ಈ ಭಾನುವಾರ ಅತ್ತೆಯ ಮನಸ್ಸು ಕರ್ತನ ಕಡೆ ತಿರುಗಿತು ಎಂದು ಹೇಳುತ್ತೇನೆ. ಬೇಡವಾದರೆ ಅಷ್ಟರೊಳಗೆ ಫಾರೂಕನ ಕೈಯಲ್ಲಿ ಹೇಳಿ ಕಳಿಸು. ಏನೂ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ.

ಅರಿಷಿಣ ಹಾಕಿ ಕೊಟ್ಟೆ. ಕೆಮ್ಮು ನಿಂತಿದೆ. ಈಗ ಸೀನುತ್ತಾಳೆ.

ಗುದ್ಲೆಪ್ಪ


ಶಿಗ್ಗಾಂವಿ
ಶನಿವಾರ, 8 ನವೆಂಬರ್ 2025

ರೀ,

ಏನೂ ಹೇಳಬೇಡಿ. ಮೊದಲ ಸಾಲಿನಲ್ಲೇ ಬರೆದೆ, ಆದರೆ ಇದು ನಿಮಗೆ ಮುಟ್ಟುವುದು ಸೋಮವಾರ. ಫಾರೂಕ ನಿನ್ನೆ ಶುಕ್ರವಾರದ ನಮಾಜಿಗೆ ಸವಣೂರಿನಲ್ಲೇ ಉಳಿದ, ನಿಮ್ಮ ಪತ್ರ ಕೊಟ್ಟದ್ದು ಇವತ್ತು ಸಂಜೆ. ಭಾನುವಾರದೊಳಗೆ ಅವನು ಹಿರೇಕೆರೂರಿಗೆ ಬರುವುದೇ ಇಲ್ಲ ಎಂಬುದು ನಿಮ್ಮ ತಲೆಗೆ ಹೊಳೆಯಲಿಲ್ಲವೇ? ಪಕ್ಕದ ಮನೆಯ ಸವಿತಾಳ ಫೋನಿನಿಂದ ಮತ್ತೆ ಮತ್ತೆ ಮಾಡಿದೆ. ಶನಿವಾರ ಸಂಜೆ ಉಪವಾಸ ಕೂತರೆ ಭಾನುವಾರದ ಆರಾಧನೆ ಮುಗಿಯುವ ತನಕ ನೀವು ಫೋನು ಬಂದ್ ಮಾಡುತ್ತೀರಿ ಎಂಬುದು ಆಮೇಲೆ ನೆನಪಾಯಿತು.

ಅವ್ವ ಅತ್ತದ್ದು ನರ್ಸಮ್ಮನ ಗಾಡಿಯ ಎತ್ತು ಸತ್ತಿತು ಎಂದು. "ನಮ್ಮ ಬಿಳಿ ಎತ್ತೂ ಹಂಗ ಕುಂತಲ್ಲೇ ಕುಂತಿತ್ತು" ಎಂದು ಅತ್ತಳು. ಪ್ರಾರ್ಥನೆಯ ಬಗ್ಗೆ ಕೇಳಿದ್ದೂ ಬೇರೆ ಕಾರಣಕ್ಕೆ. ನಿಮ್ಮ ಪ್ರಾರ್ಥನೆ ಬಹಳ ಉದ್ದ ಎಂದು ಯಾರೋ ಹೇಳಿದ್ದರಂತೆ. "ನಡಕ ಉಸರು ತಗೋತಾನೋ ಇಲ್ಲೋ?" ಎಂದು ನಕ್ಕಳು. ಅವಳು ನಕ್ಕದ್ದನ್ನೂ ನಾನು ಬರೆಯಬೇಕಿತ್ತು. ಬರೆಯಲಿಲ್ಲ.

ಇನ್ನೊಂದನ್ನೂ ಬರೆದಿರಲಿಲ್ಲ. ನನ್ನ ಕೈಯಿಂದ ಅವ್ವ ತಿನ್ನುವುದಿಲ್ಲ. ಸವಿತಾ ಬಂದು ಉಣಿಸಿ ಹೋಗುತ್ತಾಳೆ. ನಾನು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ನಿಮಗೆ ಹೇಳಿದರೆ ನೀವೂ ಊಟ ಬಿಡುತ್ತೀರಿ ಎಂದು ಸುಮ್ಮನಿದ್ದೆ. ಆದರೆ ಪುಸ್ತಕ ಓದಿಸುತ್ತಾಳಲ್ಲ, ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡಿದ್ದೇನೆ. ಅದನ್ನು ಕೆಡಿಸಬೇಡಿ.

ಜಯಾ


ಹಿರೇಕೆರೂರು
ಭಾನುವಾರ, 9 ನವೆಂಬರ್ 2025

ಜಯಾ,

ಹೇಳಿಬಿಟ್ಟೆ! ಸಭೆಯೆಲ್ಲ ಎದ್ದು ಚಪ್ಪಾಳೆ ಹೊಡೆಯಿತು. ಮುದುಕಿಯರು ಅತ್ತರು. ಮೈಕಿನ ಧ್ವನಿ ಪೇಟೆಯ ತನಕ ಹೋಗಿತ್ತಂತೆ. ಗೋವಿನಜೋಳ ಕೊಳ್ಳಲು ನಿಮ್ಮೂರಿನ ಶಿದ್ಲಿಂಗಪ್ಪ ಅಂಗಳಕ್ಕೆ ಬಂದಿದ್ದ, ಕಾಳು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಕೇಳಿದ. ಹೋಗುವಾಗ, "ಕರೆವ್ವ ನಮಗ ದೊಡ್ಡವ್ವ ಆಗಬೇಕ್ರಿ, ನನಗ ಗೊತ್ತಾ ಇರಲಿಲ್ಲ ನೋಡ್ರಿ" ಅಂದ.

ನಿನ್ನೆ ಹಾನಗಲ್ಲಿನಲ್ಲಿ ನಿನ್ನ ಸಾರ ನೋಡಿಕೊಂಡೇ ಮಾತಾಡಿದೆ, ಎಲ್ಲರೂ ಮೆಚ್ಚಿದರು. ಅತ್ತೆಯ ಸುದ್ದಿಯನ್ನು ಹಿರಿಯ ಅಯ್ಯನವರ ಕಿವಿಗೆ ಮಾತ್ರ ಹಾಕಿದೆ. ಅವರು, "ಗುದ್ಲೆಪ್ಪ, ಆ ಹೆಣ್ಣಮಗಳು ತಾನಾಗಿ ಹೇಳೂತನಕ ತಡಿಯೋ" ಅಂದರು. ತಡೆಯಬೇಕಿತ್ತೇನೋ. ಮೈಕು ಕೈಗೆ ಬಂದಾಗ ನೆನಪಾಗಲಿಲ್ಲ. ನಾನು ಮಾಡಿದ್ದು ಸರಿಯಾಗಿದೆಯಲ್ಲವೇ?

ಸೋಮವಾರ ಬೆಳಿಗ್ಗೆ:
ಫಾರೂಕ ನಿನ್ನ ಶನಿವಾರದ ಪತ್ರ ಕೊಟ್ಟ.
ಮೇಲೆ ಬರೆದದ್ದನ್ನು ಹರಿಯಲು ಹೋದೆ. ಹರಿಯಲಿಲ್ಲ. ನಾನು ಮಾಡಿದ್ದು ನಿನಗೆ ಗೊತ್ತಾಗಲಿ.
ಶಿದ್ಲಿಂಗಪ್ಪನನ್ನು ಹುಡುಕಿಕೊಂಡು ಹೋದೆ. ನಿನ್ನೆ ಸಂಜೆಯೇ ಲಾರಿಯ ಜೊತೆ ಊರಿಗೆ ಹೋದನಂತೆ.


ಶಿಗ್ಗಾಂವಿ
ಬುಧವಾರ, 12 ನವೆಂಬರ್ 2025

ನಿಮ್ಮ ಪತ್ರಕ್ಕಿಂತ ಮೊದಲು ಶಿದ್ಲಿಂಗಪ್ಪನ ಸುದ್ದಿ ಊರು ಮುಟ್ಟಿತು.

ಲಕ್ಕಣ್ಣ ಪೇಟೆಯಿಂದ ಬಂದವನು ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದ. "ಸೇವಾ ಮಾಡಾಕ ಬಂದಿಯೋ, ಅವ್ವನ್ನ ನಿಮ್ಮ ಮತಕ್ಕ ಕೂಡಿಸ್ಕೊಳ್ಳಾಕ ಬಂದಿಯೋ? ಪೇಟ್ಯಾಗ ಮಂದಿ ನನ್ನ ಮಾರಿ ನೋಡಿ ನಗಾಕತ್ತೈತಿ" ಅಂದ. ಅವ್ವ ಅತ್ತದ್ದು ಎತ್ತಿನ ಕಥೆಗೆ ಎಂದೆ, ಅವನು ಕೇಳಿಸಿಕೊಳ್ಳಲಿಲ್ಲ. ನನ್ನ ಚೀಲ ಒಯ್ದು ಹೊರಗಿನ ಕಟ್ಟೆಯ ಮೇಲಿಟ್ಟ. ಅತ್ತಿಗೆ ಅಡ್ಡ ಬಂದದ್ದಕ್ಕೆ, ಬೇರೆ ಹೆಣ್ಣಾಳು ಹುಡುಕುವ ತನಕ ಇರಲಿ, ಸೋಮವಾರ ಮೊದಲ ಬಸ್ಸಿಗೆ ಹೋಗಲಿ ಎಂದಿದ್ದಾನೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳೂ ಅದನ್ನೇ ನಂಬಿದಳೋ ಏನೋ, ನನಗೆ ತಿಳಿಯದು. ಎರಡು ದಿನದಿಂದ ಪುಸ್ತಕ ಕೇಳಿಲ್ಲ.

ಅವಳನ್ನು ಹೊರಳಿಸುವಾಗ ಎಲ್ಲಿ ಹಿಡಿದರೆ ನೋಯುವುದಿಲ್ಲ ಎಂಬುದು ನನಗೊಬ್ಬಳಿಗೆ ಗೊತ್ತು. ಮುಂದೆ ಬರುವವಳಿಗೆ ಅದನ್ನು ಹೇಳಿಕೊಟ್ಟು ಹೋಗಬೇಕು.

ನಿಮ್ಮ ಮೇಲೆ ಸಿಟ್ಟಿದೆ. ನೀವು ಸಂತೋಷದಿಂದ ಮಾಡಿದಿರಿ, ಅದಕ್ಕೇ ಸಿಟ್ಟು ಪೂರ್ತಿ ಬರುತ್ತಿಲ್ಲ. ಅರ್ಧಮರ್ಧ ಸಿಟ್ಟು ಇಟ್ಟುಕೊಂಡು ಇರುವುದು ಬಹಳ ಕಷ್ಟ.

ಜಯಾ


ಹಿರೇಕೆರೂರು
ಗುರುವಾರ, 13 ನವೆಂಬರ್ 2025

ಜಯಾ,

ಫಾರೂಕನನ್ನು ಸಂಜೆಯವರೆಗೆ ನಿಲ್ಲಿಸಿಕೊಂಡಿದ್ದೇನೆ. "ಬರೀರಿ ಪಾಸ್ಟರ್ರ, ಎಲಿ ಬಾಡಿದ್ರ ಬಾಡ್ಲಿ" ಅಂದ, ಪುಣ್ಯಾತ್ಮ.

ನಿನ್ನ ಪತ್ರ ಓದಿದ ಮೇಲೆ ಶಿಗ್ಗಾಂವಿಯ ಬಸ್ಸು ಹತ್ತಿದೆ, ಮತ್ತೆ ಇಳಿದೆ. ನಾನು ಬಂದರೆ ಲಕ್ಕಪ್ಪನ ಸಿಟ್ಟಿಗೆ ಎಣ್ಣೆ ಹೊಯ್ದಂತೆ. ಭಾನುವಾರ ಸಭೆಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಇದ್ದೇ ಇದೆ. ಆದರೆ ಸುದ್ದಿ ಹೋದದ್ದು ಪೇಟೆಯಿಂದ, ಸಭೆಯಲ್ಲಿ ಹೇಳಿದರೆ ಪೇಟೆಗೆ ಹೇಗೆ ಗೊತ್ತಾಗಬೇಕು? ಗೋವಿನಜೋಳದ ಪೇಟೆಗೇ ಹೋದೆ. ಶಿದ್ಲಿಂಗಪ್ಪ ತೂಕಕ್ಕೆ ನಿಂತಿದ್ದ, ಸುತ್ತ ಹಮಾಲರು. ಮೈಕು ಇರಲಿಲ್ಲ. ಒದರಿದೆ:

"ಶಿದ್ಲಿಂಗಪ್ಪಣ್ಣ, ನಮ್ಮ ಅತ್ತಿ ಯಾವ ಕಡೆನೂ ಬಂದಿಲ್ಲ, ತಾನಿದ್ದಲ್ಲೇ ಅದಾಳ. ಕಥಿಯೊಳಗಿನ ಎತ್ತು ಸತ್ತದ್ದಕ್ಕ ಅತ್ತಾಳ. ನಾ ತಪ್ಪ ತಿಳಕೊಂಡು ಮೈಕಿನ್ಯಾಗ ಹೇಳೇನಿ. ತಪ್ಪು ನಂದು, ನನ್ನ ಹೇಣತೀದಲ್ಲ, ಅತ್ತೀದಲ್ಲ."

ಪೇಟೆಗೆ ಪೇಟೆಯೇ ನಕ್ಕಿತು. ಒಬ್ಬ ಹಮಾಲ, "ಪಾಸ್ಟರ್ರ, ನಾಳೆ ನಮ್ಮ ಎಮ್ಮಿ ಕಣ್ಣೀರ ಹಾಕಿದ್ರ ಅದಕ್ಕೂ ಸ್ನಾನ ಮಾಡಸ್ತೀರೇನ?" ಅಂದ. ನಾನೂ ನಕ್ಕೆ, ಬೇರೆ ಏನು ಮಾಡಲಿ. ಶಿದ್ಲಿಂಗಪ್ಪ ನಗಲಿಲ್ಲ. ನನ್ನನ್ನು ಚೀಲದ ಮೇಲೆ ಕೂಡಿಸಿ ಚಹಾ ತರಿಸಿದ. "ಕುಂತ್ರಿ, ಮಾರಿ ಬೆವತೈತಿ. ಖರೇ ಸುದ್ದಿಗೆ ಅಷ್ಟು ರುಚಿ ಇರೂದಿಲ್ರಿ, ಆದ್ರೂ ಮುಟ್ಟಸ್ತೇನಿ. ಮೊದಲಿನದು ಮುಟ್ಟಿಸಿದಾವ ನಾನಽ ಅಲ್ಲೇನು" ಅಂದ.

ಆ ಪುಸ್ತಕ ಹಿಂದೆ ಕಳಿಸಿಬಿಡು. ಮನೆಯಲ್ಲಿ ಅದಿದ್ದರೆ ಮತ್ತೊಂದು ಮಾತು ಹುಟ್ಟುತ್ತದೆ. ಹಲಗೆ ಒರೆಸಿ ಖಾಲಿ ಬಿಟ್ಟಿದ್ದೇನೆ. ಜನರಿಗೆ ಓದಿರಿ ಎಂದು ಹೇಳುವ ಬಾಯಿ ನನ್ನದಲ್ಲ, ಹೆಂಡತಿಯ ಪತ್ರವನ್ನೇ ಸರಿಯಾಗಿ ಓದಲು ಬಾರದವನು.

ನಿರೀಕ್ಷಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಮಾತ್ರ ಕೊಡುತ್ತಾಳೆ. ಈಗ ದುಂಡಗೆ ಬರುತ್ತಿವೆ.

ಗುದ್ಲೆಪ್ಪ


ಶಿಗ್ಗಾಂವಿ
ಶನಿವಾರ, 15 ನವೆಂಬರ್ 2025

ರೀ,

ಪುಸ್ತಕ ಕಳಿಸುವುದಿಲ್ಲ. ಅವ್ವ ಕೊಡುತ್ತಿಲ್ಲ.

ನಿನ್ನೆ ಶಿದ್ಲಿಂಗಪ್ಪ ಮನೆಗೇ ಬಂದ. ನೀವು ಪೇಟೆಯಲ್ಲಿ ಹೇಗೆ ನಿಂತಿದ್ದಿರಿ, ಅಂಗಿ ಹೇಗೆ ಬೆವರಿತ್ತು, ಎಲ್ಲವನ್ನೂ ಮಾಡಿ ತೋರಿಸಿದ. ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಲಕ್ಕಣ್ಣ ನಗಲಿಲ್ಲ. ಶಿದ್ಲಿಂಗಪ್ಪ ಹೋದ ಮೇಲೆ, "ಆತು, ಸುಳ್ಳು ಅಂತ ಗೊತ್ತಾತು. ಆದ್ರೂ ಸೋಮವಾರ ಹೋಗು, ಮಂದಿ ಬಾಯಿ ಮುಚ್ಚತೈತಿ" ಅಂದ.

ಆಗ ಅವ್ವ ಗೋಡೆಯ ಕಡೆಯಿಂದಲೇ ಕೇಳಿದಳು: "ಅಕಿ ಹೋದ್ರ ನನ್ನ ಹೊಳ್ಳಸೋರು ಯಾರು?"

"ಆಳು ಬರತಾಳವ್ವ."

"ಆಳನ್ನ ಹಡದಿಲ್ಲ ನಾನು." ಇಷ್ಟು ಹೇಳಿ ಅವನ ಕಡೆ ಮುಖ ತಿರುಗಿಸಿದಳು. ಆಮೇಲೆ, "ಲಕ್ಕಪ್ಪ, ಹದಿನಾರು ವರ್ಷ ಹಟಾ ಹಿಡದಾಕಿ ನಾನು. ಆ ಹಟಾ ನಂದು. ಅದನ್ನ ನೀ ಯಾಕ ಹೊತ್ತಕೊಂಡು ತಿರಗತಿ? ನಾ ಇಳಿಸೇನಿ, ನೀನೂ ಇಳಸು. ನನ್ನ ದೇವರು ನನಗಿರಲಿ, ಅಕಿ ದೇವರು ಅಕಿಗಿರಲಿ. ಮಗಳು ಮಾತ್ರ ನಂದು" ಅಂದಳು.

ಲಕ್ಕಣ್ಣ ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಬಂದು, ಕಟ್ಟೆಯ ಮೇಲಿದ್ದ ನನ್ನ ಚೀಲವನ್ನು ಒಳಗೆ ತಂದಿಟ್ಟ. ನನ್ನ ಮುಖ ನೋಡಲಿಲ್ಲ.

ಇವತ್ತು ಅಡುಗೆಮನೆಗೆ ನಾನೇ ಹೋದೆ. ಯಾರೂ ಏನೂ ಅನ್ನಲಿಲ್ಲ. ರೊಟ್ಟಿ ಬಡಿದು ಹಾಲಿನಲ್ಲಿ ನೆನೆಸಿ ಒಯ್ದೆ. ಅವ್ವ ತಿಂದಳು. "ದಪ್ಪ ಆಗ್ಯಾವ" ಅಂದಳು. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ. ಇದನ್ನು ಯಾರಿಗೂ ಹೇಳಬೇಡಿ, ಸಾಕ್ಷಿಯಲ್ಲಂತೂ ಬೇಡವೇ ಬೇಡ.

ಇನ್ನೊಂದು. "ಪೇಟ್ಯಾಗ ನಿಂತು ತಪ್ಪಾತು ಅಂದನಂತಲ್ಲ, ಅವನ್ನ ಒಮ್ಮೆ ಬರಾಕ ಹೇಳು. ಹೆಂಗ ಕಾಣತಿದ್ದ ಅನ್ನೂದಽ ಮರತೇತಿ" ಎಂದಿದ್ದಾಳೆ. ಬಿಡುವು ನೋಡಿ ಬನ್ನಿ. ಹುಡುಗಿಯನ್ನು ಆಮೇಲೆ ಕರೆತರೋಣ, ಮೊದಲು ನೀವೊಬ್ಬರೇ ಬನ್ನಿ.

ನಿಮ್ಮ
ಜಯಾ


ಶಿಗ್ಗಾಂವಿ ಬಸ್ ಸ್ಟ್ಯಾಂಡು
ಬುಧವಾರ, 19 ನವೆಂಬರ್ 2025

ಜಯಾ,

ಬಂದಿದ್ದೇನೆ. ಇಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತಿದ್ದೇನೆ. ಎರಡು ಸಲ ನಿಮ್ಮ ಓಣಿಯ ತನಕ ಬಂದು ತಿರುಗಿ ಹೋದೆ. ಫಾರೂಕ ಎಲೆಯ ಬುಟ್ಟಿ ಇಟ್ಟುಕೊಂಡು ಎದುರಿಗೇ ಕೂತಿದ್ದಾನೆ, ನನ್ನನ್ನು ನೋಡಿ, "ಹಿಂಗ ಕುಂತ್ರ ನಿಮಗೂ ನೀರ ಚಿಮುಕಸಬೇಕಾಕ್ಕೈತಿ" ಎಂದು ನಗುತ್ತಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ.

ಬಿಳಿ ಅಂಗಿ ಹಾಕಿದರೆ ಪಾಸ್ಟರನಾಗಿ ಬಂದೆ ಎಂದುಕೊಂಡಾರು ಎಂದು ನೀಲಿ ಅಂಗಿ ಹಾಕಿ ಬಂದೆ. ಈಗ ನೀಲಿ ಅಂಗಿ ಕಂಡರೆ ಬೆಲೆ ಕೊಡಲಿಲ್ಲ ಅಂದಾರೇನೋ ಎಂದು ಹೆದರಿಕೆ. ಅತ್ತೆಯ ಕಾಲು ಮುಟ್ಟಲೋ, ಮುಟ್ಟಿದರೆ ಸೊಂಟಕ್ಕೆ ನೋವಾದೀತೋ? ಎಲ್ಲಿ ಕೂರಲಿ? ಬಾಳೆಹಣ್ಣು ತಂದಿದ್ದೇನೆ, ಅದು ತಪ್ಪಲ್ಲವಲ್ಲ?

ಭಾನುವಾರ ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ನೀನು ಮರುದಿನ ಚೀಲ ಹೊತ್ತು ಬರುತ್ತೀ ಎಂದೇ ತಿಳಿದಿದ್ದೆ. ಸಾಕ್ಷಿಯ ಹೊತ್ತಿಗೆ ಎದ್ದು, ಹೋದ ವಾರ ನಾನು ಹೇಳಿದ್ದು ಸುಳ್ಳಾಯಿತು, ಬೇರೆಯವರ ಮನಸ್ಸಿನ ಸಾಕ್ಷಿ ನಾನು ಹೇಳಬಾರದಿತ್ತು ಎಂದು ಹೇಳಿ ಕೂತೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆಮೇಲೆ ಅವರೂ ಒಬ್ಬೊಬ್ಬರೇ ಎದ್ದು, ಎಂದೂ ಹೇಳದಿದ್ದನ್ನೆಲ್ಲ ಹೇಳಿದರು. ಆರಾಧನೆ ಮುಗಿಯಲು ಬಹಳ ಹೊತ್ತಾಯಿತು.

ಲಕ್ಕಪ್ಪ ಮನೆಯಲ್ಲಿದ್ದಾನೆಯೇ? ಅವನು ಹೊರಗೆ ಹೋದ ಮೇಲೆ ಬರಲೇ? ಅಥವಾ ಇವತ್ತು ಹೀಗೇ ಹೊರಟು ಇನ್ನೊಂದು ದಿನ ಬರಲೇ? ಐದರ ಬಸ್ಸಿದೆ. ಹೇಳಿ ಕಳಿಸು.

ಗುದ್ಲೆಪ್ಪ


ಶಿಗ್ಗಾಂವಿ
ಬುಧವಾರ, 19 ನವೆಂಬರ್ 2025

ರೀ,

ಯಾವ ಅಂಗಿಯಾದರೂ ಆದೀತು. ನೀವು ಓಣಿಗೆ ಬಂದು ತಿರುಗಿದ್ದನ್ನು ಸವಿತಾ ನೋಡಿ ಹೇಳಿದಾಗಿನಿಂದ ಅವ್ವ ನಿದ್ದೆ ಮಾಡಿಲ್ಲ, ತಲೆ ಬಾಚಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದಾಳೆ. ಐದರ ಬಸ್ಸಿನ ಮಾತು ತೆಗೆದರೆ ನಾನು ಸುಮ್ಮನಿರುವುದಿಲ್ಲ.

ಈ ಚೀಟಿಯನ್ನು ಫಾರೂಕನ ಕೈಗೇ ಕೊಡಬೇಕೆಂದಿದ್ದೆ. ಲಕ್ಕಣ್ಣ "ಕೊಡ ಇಲ್ಲೆ" ಎಂದು ಹೇಳಿ ಗಾಡಿಯ ಚಾವಿ ಹುಡುಕುತ್ತಿದ್ದಾನೆ. ಯಾಕೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಅವನ ಹಿಂದೆ ಕೂತು ಬನ್ನಿ. ದಾರಿಯಲ್ಲಿ ಅವನು ಮಾತಾಡಿದರೆ ಹ್ಞೂಂ ಅನ್ನಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ.

ಗಾಡಿ ಬಹಳ ಜೋರು ಹೊಡೆಯುತ್ತಾನೆ. ಹಿಂದೆ ಹಿಡಿದುಕೊಳ್ಳಲು ಏನೂ ಇಲ್ಲ. ಅವನನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಜಯಾ